ಮಾರ್ಕ್ಸ್ ಮಲಗಿರುವ ಮಸಣ

ಮಾರ್ಕ್ಸ್‌ನ ಗೋರಿಯ ಚಿತ್ರವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಕಚೇರಿಯ ಗೋಡೆಯ ಮೇಲೆ, ಕರಪತ್ರದ ಮೂಲೆಯಲ್ಲಿ, ಗೆಳೆಯರ ಪುಸ್ತಕದ ರಕ್ಷಾಪುಟದ ಮೇಲೆ. ಎತ್ತರದ ಕಲ್ಲಿನ ಪೀಠ, ಅದರ ಮೇಲೆ ದೊಡ್ಡದೊಂದು ಕಂಚಿನ ತಲೆ, ಪೊದೆಯಂಥ ಗಡ್ಡ. ಚಿತ್ರ ನೋಡಿದವರಿಗೆ ಆ ತಲೆಯ ಕೆಳಗೆ ಅವನೊಬ್ಬನೇ ಮಲಗಿದ್ದಾನೆ ಅಂತ ಅನ್ನಿಸುತ್ತದೆ. ಒಬ್ಬನಲ್ಲ. ಆ ಒಂದು ಗೋರಿಯಲ್ಲಿ ಐದು ಜನ ಇದ್ದಾರೆ. ಅವರಲ್ಲಿ ಒಬ್ಬಳು ಆ ಮನೆಯಲ್ಲಿ ಪಾತ್ರೆ ತೊಳೆದು, ಅಡುಗೆ ಬೇಯಿಸಿ, ಮಕ್ಕಳನ್ನು ಸಾಕಿದ ಕೆಲಸದವಳು. ಅವಳ ಹೆಸರು ಆಮೇಲೆ ಹೇಳುತ್ತೇವೆ. ಮೊದಲು ಆ ಮಸಣದ ಕತೆ ಆಗಬೇಕು. ಯಾಕಂದ್ರೆ ಸತ್ತ ಮೇಲೆ ಎಲ್ಲರೂ ಒಂದೇ ಅನ್ನುವ ದೊಡ್ಡವರ ಮಾತು ಎಷ್ಟು ಸುಳ್ಳು ಅನ್ನೋದನ್ನು ಲಂಡನ್ನಿನ ಹೈಗೇಟ್ ಸ್ಮಶಾನ ಕಲ್ಲಿನಲ್ಲೇ ಕೆತ್ತಿಟ್ಟಿದೆ.

1801ರಲ್ಲಿ ಲಂಡನ್ನಿನಲ್ಲಿ ಸುಮಾರು ಹತ್ತು ಲಕ್ಷ ಜನ. ನಲವತ್ತು ವರ್ಷದಲ್ಲಿ ಅದು ಇಮ್ಮಡಿಯಾಯಿತು. ಹಳ್ಳಿಗಳಲ್ಲಿ ಗೋಮಾಳಗಳಿಗೆ ಬೇಲಿ ಬಿದ್ದು ನೆಲ ಕಳಕೊಂಡವರು, ಹಡಗುಕಟ್ಟೆಯ ಕೂಲಿಗಳು, ಐರ್ಲೆಂಡಿನಿಂದ ಬಂದವರು, ಎಲ್ಲರೂ ಬಂದು ತುಂಬಿದರು. ಬದುಕಿದವರಿಗೇ ಜಾಗ ಇಲ್ಲದ ಊರಲ್ಲಿ ಹೆಣಗಳಿಗೆ ಎಲ್ಲಿ ಜಾಗ? ಚರ್ಚಿನ ಪಕ್ಕದ ತುಂಡು ನೆಲಗಳಲ್ಲಿ ಒಂದರ ಮೇಲೊಂದು ಹೆಣ ಹೂತರು. ಹೊಸ ಗುಂಡಿ ತೋಡಿದರೆ ಹಳೆಯ ಮೂಳೆ ಬರುತ್ತಿತ್ತು. ಸ್ಟ್ರಾಂಡ್ ಬೀದಿಯ ಹತ್ತಿರ ಈನನ್ ಪ್ರಾರ್ಥನಾಮಂದಿರ ಅಂತ ಒಂದಿತ್ತು. ಅದನ್ನು ನಡೆಸುತ್ತಿದ್ದ ಪಾದ್ರಿ ಕಡಿಮೆ ದುಡ್ಡಿಗೆ ಬಡವರ ಹೆಣ ತಗೊಂಡು ಮಂದಿರದ ನೆಲಮಾಳಿಗೆಗೆ ತುಂಬುತ್ತಿದ್ದ. ಅಲ್ಲಿ ಸುಮಾರು ಹನ್ನೆರಡು ಸಾವಿರ ಹೆಣ ಹೋಗಿದ್ದವು ಅಂತ ಆ ಕಾಲದವರೇ ಲೆಕ್ಕ ಕೊಟ್ಟಿದ್ದಾರೆ. ಮೇಲೆ ಹಲಗೆ ಹಾಸಿನ ಮೇಲೆ ಕೂತು ಮಂದಿ ಪ್ರಾರ್ಥನೆ ಮಾಡುತ್ತಿದ್ದರು. ಜಾರ್ಜ್ ವಾಕರ್ ಅನ್ನುವ ವೈದ್ಯ 1839ರಲ್ಲಿ ಈ ನಾರುವ ಸ್ಮಶಾನಗಳ ಮೇಲೆ ಒಂದು ಪುಸ್ತಕವನ್ನೇ ಬರೆದ. 1843ರಲ್ಲಿ ಎಡ್ವಿನ್ ಚಾಡ್ವಿಕ್ ಸರ್ಕಾರಕ್ಕೆ ವರದಿ ಕೊಟ್ಟ. ಮಣ್ಣಿನ ಖರ್ಚಿಗೆ ದುಡ್ಡು ಹೊಂಚುವವರೆಗೆ ಬಡವರು ಒಂದೇ ಕೋಣೆಯ ಮನೆಯಲ್ಲಿ ಹೆಣ ಇಟ್ಟುಕೊಂಡು, ಅದರ ಪಕ್ಕದಲ್ಲೇ ಉಂಡು ಮಲಗುತ್ತಿದ್ದುದು ಅದರಲ್ಲಿ ದಾಖಲಾಗಿದೆ.

ಹೆಣ ನಾರಿದಾಗ ಮೂಗು ಮುಚ್ಚಿಕೊಂಡದ್ದು ಸರ್ಕಾರ. ಅದರಲ್ಲಿ ಲಾಭ ಕಂಡದ್ದು ಬಂಡವಾಳ. 1832ರಿಂದ 1841ರ ಒಳಗೆ ಲಂಡನ್ನಿನ ಸುತ್ತ ಖಾಸಗಿ ಕಂಪನಿಗಳು ಏಳು ದೊಡ್ಡ ಸ್ಮಶಾನ ಎಬ್ಬಿಸಿದವು. ರೈಲಿಗೆ ಶೇರು ಮಾರಿದ ಹಾಗೆಯೇ ಸ್ಮಶಾನಕ್ಕೂ ಶೇರು ಮಾರಿದರು. ಹೈಗೇಟ್ ಅವುಗಳಲ್ಲೊಂದು. 1836ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಲಂಡನ್ ಸೆಮೆಟರಿ ಕಂಪನಿ ಹುಟ್ಟಿತು. ಊರಿನ ಉತ್ತರಕ್ಕಿರುವ ಗುಡ್ಡದ ಇಳಿಜಾರಿನಲ್ಲಿ ಒಂದು ಹಳೇ ಬಂಗಲೆಯ ತೋಟ ಕೊಂಡರು. ಕಂಪನಿ ಕಟ್ಟಿದ ಸ್ಟೀಫನ್ ಗೀರಿಯೇ ಅದರ ಶಿಲ್ಪಿ. 1839ರ ಮೇ 20ರಂದು ಲಂಡನ್ನಿನ ಬಿಷಪ್ ಬಂದು ನೆಲವನ್ನು ಪವಿತ್ರಗೊಳಿಸಿದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಿಷಪ್ ಪವಿತ್ರ ಮಾಡಿದ್ದು ಇಡೀ ನೆಲವನ್ನಲ್ಲ. ಹದಿನೈದು ಎಕರೆ ಚರ್ಚ್ ಆಫ್ ಇಂಗ್ಲೆಂಡಿನವರಿಗೆ. ಎರಡು ಎಕರೆ ಮಾತ್ರ ಆ ಚರ್ಚಿಗೆ ಸೇರದವರಿಗೆ. ಬೇರೆ ಪಂಥದವರು, ದೇವರೇ ಇಲ್ಲ ಅನ್ನುವವರು, ಎಲ್ಲರೂ ಅಲ್ಲಿಗೆ. ಊರ ಮಸಣ ಒಂದು ಕಡೆ, ಕೇರಿಯ ಮಸಣ ಇನ್ನೊಂದು ಕಡೆ ಕಂಡು ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಎರಡೂ ಒಂದೇ ಅಂದುಬಿಟ್ಟರೆ ತಪ್ಪಾಗುತ್ತದೆ. ಅಲ್ಲಿ ಮನುಷ್ಯ ತಾನೇ ಒಂದು ಪಂಥ ಬಿಟ್ಟು ಆಚೆ ಹೋಗಬಹುದಿತ್ತು. ಕೇರಿಯಿಂದ ಆಚೆ ಹೋಗುವುದಕ್ಕೆ ಹೆಣಕ್ಕೂ ಅಪ್ಪಣೆ ಇಲ್ಲ.

ಅಲ್ಲಿ ಮೊದಲು ಮಣ್ಣಾದವಳು ಯಾರೋ ರಾಣಿಯಲ್ಲ. ಸೋಹೋದ ಲಿಟ್ಲ್ ವಿಂಡ್‌ಮಿಲ್ ಬೀದಿಯ ಎಲಿಜಬೆತ್ ಜಾಕ್ಸನ್, ಮದುವೆಯಾಗದ ಹೆಂಗಸು, ವಯಸ್ಸು 36. 1839ರ ಮೇ 26. ಅವಳಿಂದ ಶುರುವಾದ ಮೇಲೆ ಇಲ್ಲಿಯವರೆಗೆ ಸುಮಾರು 1,70,000 ಜನ ಅಲ್ಲಿ ಮಣ್ಣಾಗಿದ್ದಾರೆ. ಗೋರಿಗಳು ಎಷ್ಟು? ಸುಮಾರು 53,000. ಲೆಕ್ಕ ಬಂದವರು ಭಾಗಿಸಿ ನೋಡಿ. ಒಂದು ಗುಂಡಿಗೆ ಮೂರಕ್ಕಿಂತ ಹೆಚ್ಚು. ಉಳ್ಳವರ ಕುಟುಂಬದ ಗೋರಿಯಲ್ಲಿ ಅಪ್ಪ, ಅಮ್ಮ, ಮಕ್ಕಳು ಒಬ್ಬರ ಮೇಲೊಬ್ಬರು ಇದ್ದಾರೆ, ಸರಿ. ಆದರೆ ಸಾಮಾನ್ಯ ಗೋರಿ ಅಂತ ಇನ್ನೊಂದು ಬಗೆ ಇತ್ತು. ಆಳವಾದ ಒಂದೇ ಗುಂಡಿ. ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡದ ಬಡವರ ಪೆಟ್ಟಿಗೆಗಳನ್ನು ಅದರಲ್ಲಿ ಒಂದರ ಮೇಲೊಂದು ಇಳಿಸುವುದು. ಮೇಲೆ ಕಲ್ಲಿಲ್ಲ, ಹೆಸರಿಲ್ಲ. ಹೆಸರು ಬೇಕಾದರೆ ಕಂಪನಿಯ ರಿಜಿಸ್ಟರ್ ತೆಗೆದು ನೋಡಬೇಕು.

ಇಷ್ಟಕ್ಕೂ ಆ ಗುಂಡಿ ಸಿಕ್ಕಿದ್ದೇ ಪುಣ್ಯ ಅಂದುಕೊಂಡ ಜನ ಅವರು. 1832ರ ಅಂಗರಚನಾ ಕಾಯ್ದೆಯ ಪ್ರಕಾರ ಬಡವರ ವಸತಿಗೃಹದಲ್ಲಿ ಸತ್ತು ಯಾರೂ ಕೇಳದ ಹೆಣವನ್ನು ವೈದ್ಯಕೀಯ ಶಾಲೆಗೆ ಕೊಯ್ಯಲು ಕೊಡಬಹುದಿತ್ತು. ಆ ಭಯಕ್ಕೇ ಕೂಲಿಯವರು ವಾರವಾರ ಪೆನ್ನಿ ಎರಡು ಪೆನ್ನಿ ಕಟ್ಟಿ ಮಣ್ಣಿನ ಚೀಟಿ ಹಾಕುತ್ತಿದ್ದರು. ಹೊಟ್ಟೆಗೆ ಕಡಿಮೆ ತಿಂದು ಗುಂಡಿಗೆ ದುಡ್ಡು ಕೂಡಿಸಿದವರು ಅವರು.

ಈಗ ಕಲ್ಲಿರುವವರ ಕಡೆ ಬನ್ನಿ. ಗುಡ್ಡದ ಮೇಲುಭಾಗದಲ್ಲಿ ಈಜಿಪ್ಟಿನ ದೇವಾಲಯದ ಮಾದರಿಯ ಹೆಬ್ಬಾಗಿಲು, ಒಳಗೆ ಎರಡೂ ಬದಿ ಬೀಗ ಹಾಕಿದ ಕಲ್ಲುಕೋಣೆಗಳು. ಅದರಾಚೆ ಹಳೇ ದೇವದಾರು ಮರವೊಂದನ್ನು ನಡುವೆ ಇಟ್ಟು ವೃತ್ತಾಕಾರವಾಗಿ ಕೊರೆದ ಗೋರಿಗಳ ಸಾಲು. ದುಡ್ಡಿದ್ದವನು ಮಣ್ಣಿಗೆ ಹೋಗುವುದೇ ಬೇಡ, ಕಪಾಟಿನಲ್ಲಿಟ್ಟ ಹಾಗೆ ಪೆಟ್ಟಿಗೆಯೊಳಗೆ ಮಲಗಬಹುದು. ಇವೆಲ್ಲಕ್ಕಿಂತ ಎತ್ತರಕ್ಕೆ ನಿಂತದ್ದು ಜೂಲಿಯಸ್ ಬೀರ್‌ನ ಗೋರಿಮನೆ. ಈತ ಫ್ರಾಂಕ್‌ಫರ್ಟಿನ ಬಡ ಯಹೂದಿ ಮನೆಯಲ್ಲಿ ಹುಟ್ಟಿ, ಲಂಡನ್ನಿನ ಶೇರು ಮಾರುಕಟ್ಟೆಯಲ್ಲಿ ದುಡ್ಡು ಮಾಡಿ, ಅಬ್ಸರ್ವರ್ ಪತ್ರಿಕೆಯನ್ನೇ ಕೊಂಡವನು. ಆದರೂ ಆ ಊರಿನ ಕುಲೀನರು ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಎಂಟು ವರ್ಷದ ಮಗಳು ಸತ್ತಾಗ ಐದು ಸಾವಿರ ಪೌಂಡು ಸುರಿದು ಈ ಕಟ್ಟಡ ಕಟ್ಟಿಸಿದ. ಅದರ ಹಿಂದಿನ ಜಗಲಿಯ ಮೇಲೆ ಭಾನುವಾರ ಕುಲೀನರು ಅಡ್ಡಾಡುತ್ತ ಲಂಡನ್ನಿನ ನೋಟ ಸವಿಯುತ್ತಿದ್ದರಂತೆ. ಅವರ ಕಣ್ಣಿಗೆ ಅಡ್ಡವಾಗಲೆಂದೇ ಅಲ್ಲಿ ಕಟ್ಟಿದ ಅಂತ ಹೇಳುವುದುಂಟು. ನಿಜವೋ ಸುಳ್ಳೋ, ನಮಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೆ ಐದು ಸಾವಿರ ಪೌಂಡು ಇಲ್ಲದ ಯಹೂದಿ ಆ ಸಿಟ್ಟನ್ನು ಎಲ್ಲಿ ಕಟ್ಟಬೇಕು?

ಇನ್ನೊಂದು ಗೋರಿಯ ಮೇಲೆ ಕಲ್ಲಿನ ಕುದುರೆ ನಿಂತಿದೆ. ಅದು ಜಾನ್ ಅಚ್ಲರ್‌ನದು. ಈತನ ಕಸುಬು ಮುದಿಯಾದ, ಕಾಲು ಮುರಿದ ಕುದುರೆಗಳನ್ನು ಕೊಲ್ಲುವುದು. ವಿಕ್ಟೋರಿಯಾ ರಾಣಿಯ ಕುದುರೆ ಕೊಲ್ಲುವವನು ಅನ್ನುವುದೇ ಅವನ ಬಿರುದು. ಸತ್ತ ದನ ಎಳೆದು, ತೊಗಲು ಸುಲಿದು, ಅದರ ಮೈಲಿಗೆಯನ್ನು ತಲೆತಲಾಂತರಕ್ಕೆ ಹೊತ್ತವರ ಮಕ್ಕಳು ನಾವು. ನಮ್ಮ ತಾತಂದಿರಿಗೆ ಆ ಕೆಲಸಕ್ಕೆ ಸಿಕ್ಕಿದ್ದು ಊರಾಚೆಯ ಜಾಗ. ಅಚ್ಲರ್‌ಗೆ ಸಿಕ್ಕಿದ್ದು ರಾಣಿಯ ಹೆಸರು ಮತ್ತು ದೊಡ್ಡವರ ಮಸಣದಲ್ಲಿ ಕಲ್ಲುಕುದುರೆ. ಬಂಡವಾಳ ಎಲ್ಲವನ್ನೂ ಮಾರುತ್ತದೆ, ಮಾನವನ್ನೂ. ಜಾತಿ ಅದನ್ನು ಮಾರಾಟಕ್ಕೇ ಇಡುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಗೆಳೆಯರು ಆ ಕುದುರೆಯನ್ನು ಒಮ್ಮೆ ನೋಡಬೇಕು.

ಜನರೇ ಕೊಟ್ಟ ಮಾನವೂ ಅಲ್ಲಿದೆ. ಟಾಮ್ ಸೇಯರ್ಸ್ ಗಾರೆಯವನು, ಇಟ್ಟಿಗೆ ಕಟ್ಟುವವನು. ಓದು ಬರಹ ಇಲ್ಲ. ಕೈಗೆ ಚೀಲ ಕಟ್ಟಿಕೊಳ್ಳದೆ ಬರಿ ಮುಷ್ಟಿಯಲ್ಲಿ ಹೊಡೆದಾಡುವ ಮಲ್ಲನಾಗಿ, 1860ರಲ್ಲಿ ತನಗಿಂತ ದೊಡ್ಡ ಆಳಾದ ಅಮೆರಿಕದ ಹೀನನ್ ಎದುರು ಎರಡು ಗಂಟೆಗೂ ಮಿಕ್ಕಿ ನಿಂತ. 1865ರಲ್ಲಿ ಸತ್ತಾಗ ಸಾವಿರಾರು ಜನ ಬೀದಿಗಿಳಿದರು. ಮೆರವಣಿಗೆಯಲ್ಲಿ ಗಾಡಿಯೇರಿ ಬಂದ ಅವನ ನಾಯಿ ಈಗಲೂ ಕಲ್ಲಾಗಿ ಗೋರಿ ಕಾಯುತ್ತಾ ಮಲಗಿದೆ.

ಎಲಿಜಬೆತ್ ಸಿಡಾಲ್‌ಳ ಕತೆ ಬೇರೆ. ಟೋಪಿ ಅಂಗಡಿಯಲ್ಲಿ ದುಡಿಯುತ್ತಿದ್ದ ಹುಡುಗಿ. ಚಿತ್ರಕಾರರಿಗೆ ರೂಪದರ್ಶಿಯಾದಳು, ಆಮೇಲೆ ತಾನೇ ಚಿತ್ರ ಬರೆದಳು, ಕವಿತೆ ಬರೆದಳು. ಗಂಡ ರೊಸೆಟ್ಟಿ, ದೊಡ್ಡ ಕವಿ. 1862ರಲ್ಲಿ ಅವಳು ಸತ್ತಾಗ ದುಃಖದಲ್ಲಿ ತನ್ನ ಕವಿತೆಯ ಹಸ್ತಪ್ರತಿಯನ್ನು ಅವಳ ಪೆಟ್ಟಿಗೆಯಲ್ಲಿಟ್ಟ. ಏಳು ವರ್ಷದ ಮೇಲೆ ಪುಸ್ತಕ ಅಚ್ಚು ಹಾಕಿಸುವ ಆಸೆ ಹುಟ್ಟಿ, ಗೋರಿ ಅಗೆಸಿ ಅದನ್ನು ತೆಗೆಸಿಕೊಂಡ. ಕವಿತೆ ಬರೆಯುವ ನಮಗೆ ಇದನ್ನು ಓದಿ ಮೈ ಉರಿಯಿತು, ಅಷ್ಟೇ ಹೇಳುತ್ತೇವೆ.

ಬಿಷಪ್ ಮುಟ್ಟದ ನೆಲದಲ್ಲಿ ಮೈಕೇಲ್ ಫ್ಯಾರಡೆ ಇದ್ದಾನೆ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವನು. ಬೈಂಡಿಗೆ ಬಂದ ಪುಸ್ತಕಗಳನ್ನು ಓದಿಯೇ ವಿಜ್ಞಾನಿಯಾದ. ಅಯಸ್ಕಾಂತ ಆಡಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ ಅಂತ 1831ರಲ್ಲಿ ತೋರಿಸಿಕೊಟ್ಟ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ತಿರುಗಿಸಿದ ಯಂತ್ರದ ಬೇರು ಅಲ್ಲಿದೆ. ಆ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಲಂಡನ್ನಿನ ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಗಣಿಗೆ, ನಮ್ಮ ಜನ ಉಸಿರು ಕಳಕೊಂಡ ಗಣಿಗೆ. ಅದಕ್ಕೆ ಫ್ಯಾರಡೆ ಹೊಣೆಯಲ್ಲ ಬಿಡಿ. ಸರ್ ಪದವಿ ಬೇಡ ಅಂದ, ರಾಯಲ್ ಸೊಸೈಟಿಯ ಅಧ್ಯಕ್ಷಗಿರಿ ಬೇಡ ಅಂದ. 1867ರಲ್ಲಿ ಸತ್ತಾಗ ತನ್ನ ಸಣ್ಣ ಪಂಥದ ಪದ್ಧತಿಯಂತೆ ಸದ್ದಿಲ್ಲದೆ ಮಣ್ಣಾದ. ಕಲ್ಲಿನ ಮೇಲೆ ಹೆಸರು, ಹುಟ್ಟಿದ ದಿನ, ಸತ್ತ ದಿನ.

ರಸ್ತೆ ದಾಟಿದರೆ ಪೂರ್ವಭಾಗ. ಪಶ್ಚಿಮದ ನೆಲ ಸಾಲದಾದಾಗ ಕಂಪನಿ ಕೊಂಡು ಸೇರಿಸಿದ್ದು. ಅಲ್ಲಿ ಜಾರ್ಜ್ ಎಲಿಯಟ್ ಇದ್ದಾಳೆ. ಹೌದು, ಇದ್ದಾಳೆ. ಹೆಂಗಸಿನ ಹೆಸರಿದ್ದರೆ ಗಂಭೀರವಾಗಿ ಓದುವುದಿಲ್ಲ ಅಂತ ಮೇರಿ ಆನ್ ಇವಾನ್ಸ್ ಗಂಡಸಿನ ಹೆಸರಿಟ್ಟುಕೊಂಡು ಕಾದಂಬರಿ ಬರೆದಳು. ಮದುವೆಯ ಕಟ್ಟಿಲ್ಲದೆ ಲೂಯಿಸ್ ಅನ್ನುವವನ ಜೊತೆ ಬಾಳಿದಳು. ಇಂಗ್ಲೆಂಡಿನ ದೊಡ್ಡ ಬರಹಗಾರರಿಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಜಾಗ ಕೊಡುವುದು ವಾಡಿಕೆ. 1880ರಲ್ಲಿ ಈಕೆಗೆ ಆ ಜಾಗ ದಕ್ಕಲಿಲ್ಲ. ಸತ್ತು ನೂರು ವರ್ಷವಾದ ಮೇಲೆ, 1980ರಲ್ಲಿ, ಅಬ್ಬೆಯಲ್ಲಿ ಒಂದು ನೆನಪಿನ ಕಲ್ಲು ಹಾಕಿದರು. ಅಷ್ಟು ಹೊತ್ತಿಗೆ ಅವಳ ಶೀಲದ ಮೇಲೆ ತೀರ್ಪು ಕೊಟ್ಟವರೆಲ್ಲ ಮಣ್ಣಾಗಿದ್ದರು.

ಇದೇ ಪೂರ್ವಭಾಗದ ಮೂಲೆಯ ಒಂದು ಕಾಲುದಾರಿಯ ಪಕ್ಕ 1881ರ ಡಿಸೆಂಬರಿನಲ್ಲಿ ಒಂದು ಗುಂಡಿ ತೋಡಿದರು. ಜೆನ್ನಿ ಮಾರ್ಕ್ಸ್‌ಗಾಗಿ. ಗಂಡನಿಗೆ ಕಾಯಿಲೆ, ಹೊರಗೆ ಹೋಗಕೂಡದು ಅಂತ ವೈದ್ಯರು ತಡೆದರು. ಹೆಂಡತಿಯ ಮಣ್ಣಿಗೆ ಮಾರ್ಕ್ಸ್ ಹೋಗಲಿಲ್ಲ. ಈ ಸಂಸಾರಕ್ಕೆ ಮಣ್ಣು ಮಾಡುವುದು ಹೊಸದಲ್ಲ. ಸೋಹೋದ ಡೀನ್ ಬೀದಿಯಲ್ಲಿ ಎರಡು ಕೋಣೆಯಲ್ಲಿದ್ದಾಗ ಮೂರು ಮಕ್ಕಳು ಹೋದವು. 1852ರಲ್ಲಿ ಪುಟ್ಟ ಫ್ರಾನ್ಸಿಸ್ಕಾ ಸತ್ತಾಗ ಪೆಟ್ಟಿಗೆಗೆ ದುಡ್ಡಿರಲಿಲ್ಲ. ನೆರೆಯಲ್ಲಿದ್ದ ಫ್ರೆಂಚ್ ನಿರಾಶ್ರಿತನೊಬ್ಬ ಎರಡು ಪೌಂಡು ಕೊಟ್ಟ ಮೇಲೆ ಪೆಟ್ಟಿಗೆ ಬಂತು. ಬಂಡವಾಳದ ಗುಟ್ಟು ಬಿಚ್ಚಿದವನ ಮನೆಯಲ್ಲಿ ಕೂಸಿನ ಪೆಟ್ಟಿಗೆಗೆ ದುಡ್ಡಿಲ್ಲ. ಇದನ್ನು ಬರೆದಿಟ್ಟವಳು ಜೆನ್ನಿಯೇ.

1883ರ ಮಾರ್ಚ್ 14ರಂದು ಮಾರ್ಕ್ಸ್ ಸತ್ತ. 17ರಂದು ಅದೇ ಗುಂಡಿಗೆ ಇಳಿಸಿದರು. ನಿಂತಿದ್ದವರು ಸುಮಾರು ಹನ್ನೊಂದು ಜನ. ಎಂಗೆಲ್ಸ್ ಮಾತಾಡಿದ. ಮಲ್ಲ ಸೇಯರ್ಸ್‌ಗೆ ಸಾವಿರಾರು, ಮಾರ್ಕ್ಸ್‌ಗೆ ಹನ್ನೊಂದು! ಅದೇ ತಿಂಗಳು ಮೊಮ್ಮಗ ಹ್ಯಾರಿ ಲೋಂಗೇ, ನಾಲ್ಕು ವರ್ಷದ ಕೂಸು, ಅದೂ ಅಲ್ಲಿಗೇ ಹೋಯಿತು. ಮೇಲೆ ಒಂದು ಸಾದಾ ಕಲ್ಲು.

1890ರ ನವೆಂಬರಿನಲ್ಲಿ ಆ ಗೋರಿಯನ್ನು ಮತ್ತೆ ತೆರೆದರು. ಆಗ ಒಳಗೆ ಹೋದವಳು ಹೆಲೆನ್ ಡೆಮುಟ್. ಮನೆಯವರು ಕರೆಯುತ್ತಿದ್ದುದು ಲೆಂಚೆನ್ ಅಂತ.

ಲೆಂಚೆನ್ 1820ರಲ್ಲಿ ಜರ್ಮನಿಯ ಸೇಂಟ್ ವೆಂಡಲ್‌ನಲ್ಲಿ ಬಡವರ ಮನೆಯಲ್ಲಿ ಹುಟ್ಟಿದಳು. ಹುಡುಗಿಯಾಗಿದ್ದಾಗಲೇ ಟ್ರಿಯರ್ ಪಟ್ಟಣದಲ್ಲಿ ಜೆನ್ನಿಯ ತವರುಮನೆಗೆ ಕೆಲಸಕ್ಕೆ ಸೇರಿದಳು. 1845ರಲ್ಲಿ ಜೆನ್ನಿಯ ತಾಯಿ ಅವಳನ್ನು ಬ್ರಸೆಲ್ಸ್‌ನಲ್ಲಿದ್ದ ಮಗಳ ಮನೆಗೆ ಕಳಿಸಿಕೊಟ್ಟಳು, ನಮ್ಮಲ್ಲಿ ಮಗಳಿಗೆ ಬಳುವಳಿ ಕೊಟ್ಟ ಹಾಗೆ. ಅಲ್ಲಿಂದ ಆ ಮನೆಯ ಜೊತೆ ದೇಶ ದೇಶ ಅಲೆದಳು. ಬೆಳ್ಳಿ ಚಮಚ ಅಡವಿಡುವುದು, ಸಾಲಗಾರರಿಗೆ ಸಮಾಧಾನ ಹೇಳುವುದು, ಇದ್ದುದರಲ್ಲೇ ಒಲೆ ಹೊತ್ತಿಸುವುದು, ಎಲ್ಲ ಅವಳ ಕೈಯಲ್ಲಿ. ಚದುರಂಗದಲ್ಲಿ ಮಾರ್ಕ್ಸ್‌ನನ್ನೇ ಸೋಲಿಸುತ್ತಿದ್ದಳಂತೆ. ಕೂಲಿ ಎಷ್ಟು, ದುಡಿತ ಎಷ್ಟು, ನಡುವೆ ಮಾಲೀಕ ನುಂಗುವುದು ಎಷ್ಟು ಅಂತ ಲೆಕ್ಕ ಹಾಕಿದ ಆ ಮಹಾಗ್ರಂಥ ಬರೆಯುವಾಗ ಬರೆಯುವವನ ಮುಂದೆ ತಟ್ಟೆ ಇಟ್ಟ ಕೈ ಇದು. ಈ ಕೈಯ ದುಡಿತ ಯಾವ ಲೆಕ್ಕದಲ್ಲಿ ಬಂತು?

1851ರ ಜೂನ್‌ನಲ್ಲಿ ಲೆಂಚೆನ್ ಒಂದು ಗಂಡುಮಗು ಹೆತ್ತಳು, ಫ್ರೆಡರಿಕ್. ಜನನ ಪತ್ರದಲ್ಲಿ ತಂದೆಯ ಜಾಗ ಖಾಲಿ. ಕೂಸನ್ನು ಲಂಡನ್ನಿನ ಒಂದು ಕೂಲಿ ಮನೆಗೆ ಸಾಕಲು ಕೊಟ್ಟರು. ತಂದೆ ಮಾರ್ಕ್ಸ್‌ನೇ ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ, ಪುರಾವೆ ಸಾಲದು ಅಂತ ಕೆಲವರು ವಾದಿಸುತ್ತಾರೆ. ಈ ವಾದ ಬಂದಾಗ ನಮ್ಮ ಕೆಲವು ಸಂಗಾತಿಗಳು ಶತ್ರುಗಳ ಅಪಪ್ರಚಾರ ಅಂತ ಮುಖ ತಿರುಗಿಸುತ್ತಾರೆ. ಶತ್ರುಗಳು ಬಾಯಿ ಚಪ್ಪರಿಸುತ್ತಾರೆ. ಇಬ್ಬರ ಕಣ್ಣೂ ಮಾರ್ಕ್ಸ್‌ನ ಮೇಲೆ. ನಮ್ಮ ಕಣ್ಣು ಹೋಗುವುದು ಆ ತಾಯಿಯ ಮೇಲೆ. ಬೇರೆಯವರ ಮಕ್ಕಳಿಗೆ ತುತ್ತಿಡುತ್ತ ತನ್ನ ಮಗುವನ್ನು ಇನ್ನೊಬ್ಬರ ಮನೆಗೆ ಬಿಟ್ಟವಳು. ಒಡೆಯರ ಮನೆಯ ಹಿತ್ತಲಲ್ಲಿ ದುಡಿದು, ತನ್ನ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿದ ಅವ್ವಂದಿರನ್ನು ಕಂಡ ನಮಗೆ ಅವಳು ಯಾರೋ ಅನ್ನಿಸುವುದಿಲ್ಲ.

ಫ್ರೆಡಿ ಯಂತ್ರದ ಕೆಲಸ ಕಲಿತ, ಕಾರ್ಮಿಕ ಸಂಘ ಸೇರಿದ, 1929ರವರೆಗೆ ಬದುಕಿದ. ಮಾರ್ಕ್ಸ್ ಸತ್ತ ಮೇಲೆ ಲೆಂಚೆನ್ ಎಂಗೆಲ್ಸ್‌ನ ಮನೆ ನೋಡಿಕೊಂಡಳು. ಮಾರ್ಕ್ಸ್ ಬಿಟ್ಟುಹೋದ ಕಾಗದದ ರಾಶಿಯನ್ನು ವಿಂಗಡಿಸಲು ಎಂಗೆಲ್ಸ್‌ಗೆ ಕೈಜೋಡಿಸಿದವಳೂ ಅವಳೇ. ಆ ರಾಶಿಯಿಂದಲೇ ಬಂಡವಾಳದ ಮುಂದಿನ ಸಂಪುಟಗಳು ಹೊರಬಂದವು. ತನ್ನಲ್ಲಿದ್ದಬದ್ದದ್ದನ್ನೆಲ್ಲ ಫ್ರೆಡಿಗೆ ಬರೆದಿಟ್ಟು ಸತ್ತಳು. ಅವಳ ಗುಂಡಿಯ ಮುಂದೆಯೂ ಎಂಗೆಲ್ಸ್ ಮಾತಾಡಿದ. ಅವಳ ಹೆಸರನ್ನು ಅದೇ ಕಲ್ಲಿನ ಮೇಲೆ ಕೆತ್ತಿದರು. ಕೆಲಸದವಳಿಗೆ ಯಜಮಾನನ ಗೋರಿಯಲ್ಲಿ ಪಾಲು ಕೊಟ್ಟದ್ದು ಆ ಕಾಲಕ್ಕೆ ಸಣ್ಣದಲ್ಲ, ಒಪ್ಪುತ್ತೇವೆ. ಎಂಗೆಲ್ಸ್ ತನಗೆ ಮಾತ್ರ ಗೋರಿಯನ್ನೇ ಇಟ್ಟುಕೊಳ್ಳಲಿಲ್ಲ. 1895ರಲ್ಲಿ ಅವನ ಬೂದಿಯನ್ನು ಈಸ್ಟ್‌ಬೋರ್ನ್ ಹತ್ತಿರ ಕಡಲಿಗೆ ಬಿಟ್ಟರು.

ಎಪ್ಪತ್ತು ವರ್ಷ ಆ ಸಾದಾ ಕಲ್ಲು ಮೂಲೆಯಲ್ಲೇ ಇತ್ತು. 1954ರ ನವೆಂಬರಿನಲ್ಲಿ ಎಲ್ಲರನ್ನೂ ಅಗೆದು ದೊಡ್ಡ ದಾರಿಯ ಪಕ್ಕಕ್ಕೆ ತಂದರು. ಲಾರೆನ್ಸ್ ಬ್ರಾಡ್‌ಷಾ ಮಾಡಿದ ಕಂಚಿನ ತಲೆಯನ್ನು 1956ರ ಮಾರ್ಚಿನಲ್ಲಿ ಹ್ಯಾರಿ ಪಾಲಿಟ್ ಅನಾವರಣ ಮಾಡಿದ. ಅದೇ ವರ್ಷ ಮಗಳು ಎಲಿನಾರ್‌ಳ ಬೂದಿಯೂ ಅಲ್ಲಿಗೆ ಬಂತು. ಗ್ಯಾಸ್ ಕಾರ್ಖಾನೆಯ ಕೂಲಿಗಳ ಸಂಘ ಕಟ್ಟಿ, ಅವರ ಮುಂದಾಳು ವಿಲ್ ಥಾರ್ನ್‌ಗೆ ಓದು ಬರಹ ತಿದ್ದಿಸಿದವಳು ಎಲಿನಾರ್. 1898ರಲ್ಲಿ ವಿಷ ಕುಡಿದು ಸತ್ತಳು. ಆ ಕಡೆಯ ತಿಂಗಳುಗಳಲ್ಲಿ ಅವಳು ನೋವು ತೋಡಿಕೊಂಡು ಕಾಗದ ಬರೆಯುತ್ತಿದ್ದುದು ಲೆಂಚೆನ್‌ಳ ಮಗ ಫ್ರೆಡಿಗೆ. ಅವಳ ಬೂದಿ ಐವತ್ತೆಂಟು ವರ್ಷ ಪಕ್ಷದ ಕಚೇರಿಗಳಲ್ಲಿ, ಗ್ರಂಥಾಲಯದ ಕಪಾಟಿನಲ್ಲಿ ಕಾದಿತ್ತು. 1956 ಅನ್ನುವ ವರ್ಷವೂ ಅಂಥದ್ದೇ. ಮಾರ್ಚಿನಲ್ಲಿ ಲಂಡನ್ನಿನಲ್ಲಿ ಈ ತಲೆ ಎದ್ದಿತು. ನವೆಂಬರಿನಲ್ಲಿ ಬಾಬಾಸಾಹೇಬರು ಕಠ್ಮಂಡುವಿನಲ್ಲಿ ಬುದ್ಧನನ್ನೂ ಮಾರ್ಕ್ಸ್‌ನನ್ನೂ ಎದುರುಬದುರು ಇಟ್ಟು ಮಾತಾಡಿದರು.

ಹೊಸ ಜಾಗದ ಎದುರಿಗೆ ಹರ್ಬರ್ಟ್ ಸ್ಪೆನ್ಸರ್. ಯೋಗ್ಯರಿಗಷ್ಟೇ ಉಳಿವು ಅನ್ನುವ ಮಾತು ಹುಟ್ಟಿಸಿದವನು, ಬಡವರಿಗೆ ಸರ್ಕಾರ ಕೈ ನೀಡಬಾರದು ಅಂದವನು. 1903ರಲ್ಲಿ ಅವನನ್ನು ಸುಟ್ಟಾಗ ನಮ್ಮ ದೇಶದ ಶ್ಯಾಮಜಿ ಕೃಷ್ಣವರ್ಮ ಅಲ್ಲೇ ನಿಂತು, ಅವನ ಹೆಸರಿನ ಉಪನ್ಯಾಸಕ್ಕೆ ಆಕ್ಸ್‌ಫರ್ಡಿಗೆ ಸಾವಿರ ಪೌಂಡು ಕೊಡುತ್ತೇನೆ ಅಂದ. ಎರಡು ವರ್ಷದ ಮೇಲೆ ಇದೇ ಹೈಗೇಟಿನಲ್ಲಿ ಇಂಡಿಯಾ ಹೌಸ್ ತೆರೆದವನೂ ಈತನೇ. ಬ್ರಿಟಿಷರನ್ನು ಓಡಿಸಹೊರಟ ಮೇಲ್ಜಾತಿಯ ದೇಶಭಕ್ತಿಗೆ ಸ್ಪೆನ್ಸರ್ ಗುರುವಾಗಿ ಕಂಡದ್ದರಲ್ಲಿ ನಮಗೆ ಆಶ್ಚರ್ಯವಿಲ್ಲ.

ಮಾರ್ಕ್ಸ್‌ನ ಎಡಕ್ಕೆ ಕ್ಲಾಡಿಯಾ ಜೋನ್ಸ್. ಟ್ರಿನಿಡಾಡಿನ ಕರಿಯ ಹೆಣ್ಣುಮಗಳು. ಅಮೆರಿಕ ಜೈಲಿಗೆ ಹಾಕಿ 1955ರಲ್ಲಿ ಗಡಿಪಾರು ಮಾಡಿತು. ಲಂಡನ್ನಿಗೆ ಬಂದು 1958ರಲ್ಲಿ ಕರಿಯರಿಗಾಗಿ ಪತ್ರಿಕೆ ಹೊರಡಿಸಿದಳು, ಬಿಳಿಯರ ಗುಂಪು ನಾಟಿಂಗ್ ಹಿಲ್‌ನಲ್ಲಿ ಕರಿಯರನ್ನು ಬಡಿದ ಮಾರನೇ ವರ್ಷ ಕುಣಿತದ ಹಬ್ಬ ನಡೆಸಿ ಉತ್ತರ ಕೊಟ್ಟಳು. 1964ರಲ್ಲಿ ತೀರಿಕೊಂಡಳು. ಅವಳಿಗೆ ಕಲ್ಲು ಸಿಕ್ಕಿದ್ದು 1984ರಲ್ಲಿ. ದಕ್ಷಿಣ ಆಫ್ರಿಕದ ವರ್ಣಭೇದದ ವಿರುದ್ಧ ಹೋರಾಡಿ ದೇಶ ಬಿಟ್ಟ ಯೂಸುಫ್ ದಾದೂ, ಗುಜರಾತಿನಿಂದ ಹೋದವರ ಮಗ, 1983ರಿಂದ ಅಲ್ಲೇ ಹತ್ತಿರ ಇದ್ದಾನೆ. ಇರಾಕಿನವರು, ಇರಾನಿನವರು ಇದ್ದಾರೆ. ಸ್ವಂತ ಊರಿನಲ್ಲಿ ಮಣ್ಣಾಗುವ ಹಕ್ಕು ಕಳಕೊಂಡವರ ಕೇರಿಯೊಂದು ಆ ಕಂಚಿನ ತಲೆಯ ಸುತ್ತ ಬೆಳೆದಿದೆ. ಅದನ್ನು ನೋಡಲು ಟಿಕೀಟು ಕೊಳ್ಳಬೇಕು. ಕಂಪನಿ ದಿವಾಳಿಯಾಗಿ ಹೋಯಿತು, 1975ರಿಂದ ಅಭಿಮಾನಿಗಳ ಸಂಘವೊಂದು ಸ್ಮಶಾನ ಕಾಪಾಡಿಕೊಂಡು ಬಂದಿದೆ; ಟಿಕೀಟು ಅದರ ಖರ್ಚಿಗೆ.

1970ರಲ್ಲಿ ಯಾರೋ ಆ ಸ್ಮಾರಕಕ್ಕೆ ಬಾಂಬಿಟ್ಟರು. 2019ರ ಫೆಬ್ರುವರಿಯಲ್ಲಿ ಸುತ್ತಿಗೆ ತಂದು ಹೊಡೆದರು, ಕೆಲವು ದಿನ ಬಿಟ್ಟು ಕೆಂಪು ಬಣ್ಣ ಬಳಿದರು. ಸುತ್ತಿಗೆಯ ಏಟು ಬಿದ್ದದ್ದು ಕಂಚಿನ ತಲೆಗಲ್ಲ, ಅದರ ಕೆಳಗೆ ಪೀಠದಲ್ಲಿ ಕೂರಿಸಿರುವ ಅಮೃತಶಿಲೆಯ ಫಲಕಕ್ಕೆ. ಮೂಲೆಯ ಹಳೇ ಗೋರಿಯಿಂದ ತಂದ ಕಲ್ಲು ಅದು. ಮಾರ್ಕ್ಸ್‌ನ ಹೆಸರನ್ನು ಕೆರೆದು ತೆಗೆಯಲು ನೋಡಿದ್ದಾರೆ. ಅದೇ ಕಲ್ಲಿನಲ್ಲಿ, ಮೊಮ್ಮಗ ಹ್ಯಾರಿಯ ಹೆಸರಿನ ಕೆಳಗೆ, ಹೆಲೆನ್ ಡೆಮುಟ್ ಅಂತ ಇದೆ.